ನವೆಂಬರಿನ ಸಹಿ

ಟೆಲಿಗ್ರಾಂ ಬಂದಾಗ ಅವ್ವ ಕಣದಲ್ಲಿದ್ದಳು.
ಪುತ್ತರಿ ಕಳೆದು ಹದಿನೈದು ದಿನ,
ಕಾಫಿ ಹಣ್ಣು ಹರಡಿ ಎರಡೇ ದಿನ,
ಅಕಾಲದ ಮೋಡ.
ಅಂಚೆಯವ ಸೈಕಲ್ಲನ್ನು ಒರಗಿಸದೆ ಹಿಡಿದೇ ನಿಂತಿದ್ದ.
ಓದಿದಳು. ಮಡಚಿ ರವಿಕೆಯೊಳಗಿಟ್ಟಳು.
ಕುಂಟೆ ತೆಗೆದು ಕಾಫಿಯನ್ನೆಲ್ಲ ರಾಶಿಗೆಳೆದು
ತಾಡಪಾಲು ಹೊದಿಸಿ
ನಾಲ್ಕು ಮೂಲೆಗೂ ಕಲ್ಲಿಟ್ಟು
ಆಮೇಲೆ ಕೂತಳು.

ನನಗಾಗ ಐದು ವರ್ಷ.
ನೆನಪಿರುವುದು ನಾಲ್ಕನೆಯ ಕಲ್ಲು ಮಾತ್ರ:
ಸಣ್ಣದಾಯಿತೆಂದು ಅದನ್ನೆಸೆದು
ಇನ್ನೊಂದು ಹುಡುಕಿದಳು.

ಅಪ್ಪನ ಹೆಸರು ತಪ್ಪಾಗಿತ್ತು ಅದರಲ್ಲಿ.
ಪೆಮ್ಮಯ್ಯ ಹೋಗಿ ಪಿಮಾಯ.
ದೊಡ್ಡಪ್ಪ ಒಂದು ವಾರ ಅದನ್ನೇ ಹಿಡಿದುಕೊಂಡು
"ಇದು ಬೇರೆ ಯಾರೋ" ಅನ್ನುತ್ತಿದ್ದರು.
ಪೆಟ್ಟಿಗೆ ಬಂತು. ಅದರೊಳಗೆ
ನಾನೇ ಗೀಚಿದ ಆನೆಯ ಚಿತ್ರ ಇತ್ತು.

ಬೇಸಿಗೆಗೆ ಇನ್ನೊಂದು ಕಾಗದ.
ಅಮ್ಮತ್ತಿಯ ಮೇಷ್ಟ್ರು ಓದಿ ಅರ್ಥ ಹೇಳಿದರು:
ವಿಧವೆ ಮರುಮದುವೆಯಾದರೆ ಪೆನ್ಶನ್ ನಿಲ್ಲುತ್ತದೆ,
ಸತ್ತವನ ಸಹೋದರನನ್ನೇ ಆದರೆ ನಿಲ್ಲುವುದಿಲ್ಲ.
"ನೋಡಿದಿರಾ, ದಿಲ್ಲಿಗೂ ನಮ್ಮ ಕೂಡಾವಳಿ ಗೊತ್ತು!"
ಹಿರಿಯರಿಗೆ ಹಿಗ್ಗು.
ದಿಲ್ಲಿಯಲ್ಲಿ ಯಾರೋ ಫ್ಯಾನಿನ ಕೆಳಗೆ ಕೂತು
ನಮ್ಮ ಒಳಕೋಣೆಗೆ ಚಿಲಕ ಹಾಕಿದ್ದ.

ಕುಂಞಪ್ಪ, ಅಪ್ಪನ ತಮ್ಮ,
ಇಪ್ಪತ್ತೆರಡರ ಫುಟ್ಬಾಲು ಹುಚ್ಚ.
ಅವನನ್ನು ಯಾರೂ ಕೇಳಲಿಲ್ಲ.
ಅವ್ವನನ್ನು ಕೇಳಿದರು. ಅವಳು
ಈ ಸಲ ಎಷ್ಟು ಮೂಟೆ ಆಗಬಹುದೆಂದು ಹೇಳಿದಳು.
ಅದನ್ನೇ ಒಪ್ಪಿಗೆ ಎಂದುಕೊಂಡರು.

ಡಿಪೋದಲ್ಲಿ ಒಬ್ಬ ಗುಮಾಸ್ತ, ಇನಾಸ್.
ತಕ್ಕಡಿಗೆ ಬೆರಳು ತಾಗಿಸದವ.
ಎಲ್ಲರ ರಸೀದಿಯಲ್ಲೂ ಅವ್ವ
ದಿವಂಗತ ಇಂಥವರ ಹೆಂಡತಿ.
ಅವನ ರಸೀದಿಯಲ್ಲಿ ಮಾತ್ರ,
ದುಂಡು ಕನ್ನಡದಲ್ಲಿ, ಒತ್ತಕ್ಷರ ಬಿಡದೆ,
ಬೊಳ್ಳಮ್ಮ.
ಇಷ್ಟೇ ನನಗೆ ಗೊತ್ತಿರುವುದು.
ಹೆಚ್ಚಿಗೆ ಇದ್ದರೆ ಅದು ರಸೀದಿಗಳ ಕಟ್ಟಿಗೆ ಗೊತ್ತು.

ವರ್ಷಕ್ಕೊಮ್ಮೆ ನವೆಂಬರಿನಲ್ಲಿ ವಿರಾಜಪೇಟೆ.
ದಾರ ಕಟ್ಟಿದ ಪೆನ್ನು.
ಬದುಕಿದ್ದೇನೆ. ಸಹಿ.
ಮದುವೆಯಾಗಿದ್ದೇನೆ, ಆದರೆ ಮೈದುನನನ್ನೇ. ಸಹಿ.
ಹೊಸ ಗುಮಾಸ್ತರಿಗೆಲ್ಲ ಮತ್ತೆ ಮೊದಲಿಂದ ವಿವರಿಸಬೇಕು.
ಕುಂಞಪ್ಪ ಹೊರಗೆ ನಿಂತು
ಕಾಲ ಬುಡದ ಕಲ್ಲನ್ನು ಒದೆಯುತ್ತಿದ್ದ, ಎಡಗಾಲಲ್ಲಿ,
ಕಂಬಕ್ಕೆ ತಾಗುವ ಹಾಗೆ.

ಕಾಫಿ ಪೂಲ್ ಮುಗಿಯಿತು. ಯಾರಿಗೆ ಬೇಕಾದರೂ ಮಾರಬಹುದು.
ಆಗಲೇ ಬ್ರೆಜಿಲಿನಲ್ಲಿ ಹಿಮ ಬಿದ್ದು
ಅಮ್ಮತ್ತಿಯಲ್ಲಿ ಜೀಪುಗಳು ಮೊಳೆತವು.
ಕಂತಿನ ಚೆಕ್ಕಿಗೆ ಕಾದು ಕಾದು ನರೆತ ಕುಂಞಪ್ಪ
ನೋಟು ಎಣಿಸುತ್ತ ಹೆದರಿದ.
ಕಣದ ಆಚೆ ತನಗೊಂದು ಕೋಣೆಗೆ ಪಾಯ ತೆಗೆಸಿದ.
ಅವ್ವ ಬೇಡ ಅನ್ನಲಿಲ್ಲ,
ಕಿಟಕಿ ಮೂಡಕ್ಕಿರಲಿ ಅಂದಳು.
ಜಗಳಕ್ಕಲ್ಲ, ಇಬ್ಬರಿಗೂ
ಮೊದಲ ಸಲ ಕಾಸಿತ್ತು.

ಹೆಂಚು ಬರುವುದರೊಳಗೆ ದರ ಬಿತ್ತು.
ಮಾಡಿಲ್ಲದ ಆ ಕೋಣೆಗೆ ಮೆಣಸಿನ ಬಳ್ಳಿ ಹತ್ತಿತು.
ಮತ್ತೆ ಅದೇ ಮಂಚ, ಪೆನ್ಶನ್ನಿನ ಅಕ್ಕಿ.
ಇಬ್ಬರೂ ಒಟ್ಟಿಗೆ ಕೆಮ್ಮಲು ಕಲಿತರು.

ಎಷ್ಟೋ ವರ್ಷದ ಮೇಲೆ ಪೇಪರಿನಲ್ಲಿ ಬಂತು:
ನಿಯಮ ಬದಲಾಗಿದೆ, ಇನ್ನು
ವಿಧವೆ ಯಾರನ್ನು ಮದುವೆಯಾದರೂ ಸರಿ.
ಕನ್ನಡಕ ಏರಿಸಿ ಅವ್ವನೇ ಓದಿದಳು, ಗಟ್ಟಿಯಾಗಿ.
"ಈಗ ಹೇಳ್ತಾರೆ," ಅಂದ ಕುಂಞಪ್ಪ.
ನಗೆಯೋ ಕೆಮ್ಮೋ ತಿಳಿಯಲಿಲ್ಲ.
ಪೇಪರಿನ ಆ ಪುಟದಲ್ಲಿ
ಅವ್ವ ಒಣಮೀನು ಕಟ್ಟಲಿಲ್ಲ; ಪಕ್ಕದ ಪುಟದಲ್ಲಿ ಕಟ್ಟಿದಳು.

ಆ ನವೆಂಬರಿನಲ್ಲಿ ನಾನೂ ಜೊತೆಗೆ ಹೋಗಿದ್ದೆ.
ಕೌಂಟರಿನ ಹುಡುಗಿ ಕೊಟ್ಟ ಹೊಸ ಫಾರಮಿನಲ್ಲಿ
ಎರಡನೆಯ ಸಾಲು ಇರಲಿಲ್ಲ.
"ಇಲ್ಲೊಂದು ಸಾಲಿತ್ತಲ್ಲ, ಮಗಾ?"
"ಅದು ಬೇಡ ಅಜ್ಜಿ ಈಗ."
ಅವ್ವ ಪೆನ್ನು ಹಿಡಿದು ತುಂಬ ಹೊತ್ತು ನಿಂತಳು,
ಹಿಂದಿನ ಸಾಲು ಕದಲತೊಡಗಿತು.
ಕೊನೆಗೆ ಎಂದಿನ ಕೋಳಿಕಾಲಿನ ಸಹಿ ಹಾಕದೆ
ದುಂಡಗೆ, ಒತ್ತಕ್ಷರ ಬಿಡದೆ, ಬರೆದಳು.

ಹೊರಗೆ ಜೀಪು ಗುರುಗುಟ್ಟುತ್ತಿತ್ತು.
"ಏನು ಅಷ್ಟು ಹೊತ್ತು ಬರೆದದ್ದು?"
"ಹೆಸರು," ಅಂದಳು ಅವ್ವ, ಹತ್ತಿ ಕೂತು.
ಕುಂಞಪ್ಪ ಗೇರು ಹಾಕುವ ಮೊದಲು
ಅವಳ ಸೆರಗು ಬಾಗಿಲಿಗೆ ಸಿಕ್ಕಿದ್ದನ್ನು
ಬಗ್ಗಿ ಬಿಡಿಸಿದ.