ಮೂರನೆಯ ಫಿಲ್ಮು

ಮೊದಲನೆಯದರಲ್ಲಿ ಏನೂ ಇರಲಿಲ್ಲ.
ಗುಲುವಿನ ಆಸ್ಪತ್ರೆಯ ಕಿಟಕಿಗೆ ಹಿಡಿದೆ,
ಲೈಟ್‌ಬಾಕ್ಸ್ ಕೆಟ್ಟು ಎರಡು ತಿಂಗಳು,
ಹಗಲಲ್ಲಿ ಸೂರ್ಯನೇ ಗತಿ.
ಎರಡು ಶ್ವಾಸಕೋಶ, ಆಗಷ್ಟೇ ಉತ್ತು ಬಿಟ್ಟ ನೆಲ,
ಕಪ್ಪಗೆ, ಶುಭ್ರ.
ಲಾಕೋಟ್ ನಕ್ಕಳು. ನಾನೂ ನಕ್ಕೆ.
ಡಾಕ್ಟರ್ ಒಕ್ವೇರಾ ನಗಲಿಲ್ಲ.
ರಕ್ತದ ಚೀಟಿ ನೋಡುತ್ತ ಅಂದರು:
"ನಲವತ್ತೊಂದು. ಕಾವಲಿಗೆ ಇಷ್ಟೇ ಜನ ಇರುವ ಊರಲ್ಲಿ
ಕಳ್ಳ ಹೊಕ್ಕರೆ ನಾಯಿಯೂ ಬೊಗಳುವುದಿಲ್ಲ."

ಎರಡನೆಯದು ಹಾಳಾಯಿತು.
"ಉಸಿರು ಎಳಕೋ, ಹಿಡಕೋ" ಅಂದೆ.
ಹಿಡಿಯಲು ಉಸಿರಿದ್ದರೆ ತಾನೆ?
ಕೆಮ್ಮು ಬಂತು, ಪಕ್ಕೆಲುಬು ಎರಡೆರಡಾಗಿ ಮೂಡಿದವು,
ಆಮೇಲೆ ಕರೆಂಟೂ ಹೋಯಿತು.
ಆ ಫಿಲ್ಮನ್ನು ನಾನು ಲೆಕ್ಕಕ್ಕೆ ಬರೆಯಲಿಲ್ಲ.

ಕಫದಲ್ಲಿ ಕ್ಷಯ ಸಿಕ್ಕಿತು. ಮಾತ್ರೆ ಶುರುವಾಯಿತು,
ಎರಡು ವಾರ ಬಿಟ್ಟು ಇನ್ನೊಂದು, ಅದು ಜೀವಮಾನದ್ದು.
ಊಟ ಸೇರಿತು. ಕೆನ್ನೆ ತುಂಬಿತು.
ತುಂಬಿದ ಕೆನ್ನೆಯಲ್ಲೇ ಒಂದು ಸೋಮವಾರ
ಜ್ವರ ಹೊತ್ತು ಬಂದಳು.

ಕೆಂಪು ಬೆಳಕಲ್ಲಿ ತೊಟ್ಟಿಯಿಂದ ಎತ್ತಿದೆ,
ನೀರು ಸೋರುವ ಫಿಲ್ಮು.
ಅಂಚಿಂದ ಅಂಚಿಗೆ ಕಾಳು.
ಚೆಲ್ಲಿ ಬಿತ್ತಿದ್ದು, ಸಾಲು ಹಿಡಿದದ್ದಲ್ಲ.
ಪುಸ್ತಕದಲ್ಲಿ ಇದಕ್ಕೆ ಸತ್ತ ಭಾಷೆಯೊಂದರ ಹೆಸರಿದೆ,
ಬಿಡಿಸಿದರೆ ಒಳಗೊಂದು ಕಿರುಧಾನ್ಯ.
ಲಾಕೋಟ್‌ಗೆ ಬಿಡಿಸಬೇಕಾಗಲಿಲ್ಲ.
"ರಾಗಿ" ಅಂದಳು, ಕಿಟಕಿಯತ್ತ ಕತ್ತು ಚಾಚಿ.
"ಯಾರು ಬಿತ್ತಿದ್ದು? ಇಷ್ಟು ದಟ್ಟ ಚೆಲ್ಲಬಾರದು.
ತೆನೆ ಜೊಳ್ಳಾಗುತ್ತೆ."

ಹೇಗೆ ಹೇಳಲಿ,
ಮೊದಲ ದಿನವೂ ಇವು ಅಲ್ಲೇ ಇದ್ದವು ಅಂತ?
ತಡೆಯುವವರಿಲ್ಲದ ಕಡೆ ಗಲಾಟೆಯಿಲ್ಲ,
ಗಲಾಟೆಯಿಲ್ಲದ್ದು ನನ್ನ ಯಂತ್ರಕ್ಕೆ ಕಾಣುವುದಿಲ್ಲ.
ಈ ಬಿಳಿಯಲ್ಲಿ ಒಂದಷ್ಟು ರೋಗ,
ಉಳಿದದ್ದು ಎದ್ದು ಬಂದ ನಿನ್ನದೇ ಜನ,
ಕತ್ತಲಲ್ಲಿ ದೊಣ್ಣೆ ಬೀಸುತ್ತಿದ್ದಾರೆ.
ಬೇಲಿಯೇ ಹೊಲ ಮೇಯುತ್ತಿದೆ ಅನಿಸೀತು.
ಅಲ್ಲ ತಾಯೀ,
ಬಿದ್ದ ಬೇಲಿ ಎದ್ದು ನಿಲ್ಲುವಾಗ
ಒಂದಿಷ್ಟು ಪೈರು ತುಳಿಯುತ್ತದೆ.

ಇದರಲ್ಲಿ ಅರ್ಧ ಹೇಳಿದೆ. ಅರ್ಧ ಗಂಟಲಲ್ಲೇ ಉಳಿಯಿತು.
ಡಾಕ್ಟರು ಜ್ವರಕ್ಕೆ ಇನ್ನೊಂದು ಚೀಟಿ ಬರೆದರು.
"ಕಳೆ ಕೀಳಲು ಎಷ್ಟು ದಿನ?" ಕೇಳಿದಳು.
"ಇನ್ನು ನಾಲ್ಕು ತಿಂಗಳು ಮಾತ್ರೆ ಬಿಡಬೇಡ."
ಬೆರಳು ಮಡಿಸಿ ಎಣಿಸಿದಳು,
ಕೊಯ್ಲಿಗೆ ಮುಂಚೆಯೋ ಆಮೇಲೋ ನೋಡಿಕೊಂಡಳು.

ಹೊರಡುವಾಗ ಮೊದಲ ಫಿಲ್ಮು ಬೇಕೆಂದಳು,
ತಂಗಿಗೆ ತೋರಿಸಲು.
"ಅದು ಸುಳ್ಳು ಹೇಳಿದ್ದು" ಅಂದೆ.
"ಇರಲಿ ಕೊಡು," ಅಂದಳು,
"ಅದರಲ್ಲಿ ನಾನು ಚೆನ್ನಾಗಿ ಬಂದಿದ್ದೀನಿ."