ಮೊಣಕೈ

ಗಂಗಹನುಮಕ್ಕ ಇವತ್ತು ಬರಲ್ಲ.
ಬೀದಿಯ ಮಕ್ಕಳಿಗೆಲ್ಲ ನೀರು ಹಾಕಿದವಳು
ತನ್ನ ಮಗಳ ಬಾಣಂತನಕ್ಕೆ ಮಾಗಡಿ ಬಸ್ಸು ಹತ್ತಿದ್ದಾಳೆ.
ಹೋಗುವಾಗ ಮಣೆಯನ್ನು ಕಾಲಲ್ಲೇ ನನ್ನ ಕಡೆ ಸರಿಸಿ
‘ನೀನೇ ಹಾಕು, ಏನಾಗಲ್ಲ’ ಅಂದಳು.

ರೂಪಕಲಾಗೆ ಹೊಲಿಗೆ ಇನ್ನೂ ಹಸಿ, ಬಗ್ಗುವಂತಿಲ್ಲ.
ಬಾಗಿಲ ಚೌಕಟ್ಟಿಗೆ ಒರಗಿ
ಪಾಳಿಯ ಮೇಲ್ವಿಚಾರಕಿಯ ಹಾಗೆ ನಿಂತಿದ್ದಾಳೆ.
ಮಗುವಿಗೆ ಇಪ್ಪತ್ತೆರಡು ದಿನ, ಹೆಸರಿಲ್ಲ.
ಹೊಕ್ಕುಳ ಬಳ್ಳಿ ಉದುರಿದ್ದು ಹೋದ ಸೋಮವಾರ;
ಅಲ್ಲಿಯವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ಸ್ನಾನ.

ನಲ್ಲಿಯಲ್ಲಿ ಕಾವೇರಿ ಬಂದದ್ದು ಮೊನ್ನೆ ರಾತ್ರಿ ಎರಡೂವರೆಗೆ,
ಇನ್ನು ಗುರುವಾರವೇ.
ಬೋರಿನ ನೀರು ಬೇಡ, ಗೀಜರಿನ ಬಾಯಿಗೇ ಸುಣ್ಣ ಕಟ್ಟಿದೆ.
ಡ್ರಮ್ಮಿನಿಂದ ಎರಡು ಕೊಡ ಎತ್ತಿಟ್ಟು
ಒಂದನ್ನು ಒಲೆಗೇರಿಸಿದೆ.
ಲಗ್ಗೆರೆಯ ತಳ್ಳುಗಾಡಿಯಲ್ಲಿ ಚೌಕಾಸಿ ಮಾಡಿ ತಂದ ನೀಲಿ ಟಬ್ಬು.
ಬಚ್ಚಲಲ್ಲಿ ನಾನು ಕೂತರೆ ಟಬ್ಬಿಗೆ ಜಾಗವಿಲ್ಲ,
ಅದಕ್ಕೇ ನಡುಮನೆಯಲ್ಲಿ: ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ,
ಟವೆಲ್ಲು ಕೈಗೆಟುಕುವಲ್ಲಿ.

ಮೊದಲು ತಣ್ಣೀರು, ಆಮೇಲೆ ಬಿಸಿ.
ಹಿಂದುಮುಂದಾದರೆ ಏನಾಗುತ್ತದೆಂದು
ಚುಚ್ಚುಮದ್ದು ಹಾಕಿದ ನರ್ಸು ಹೇಳಲಿಲ್ಲ,
ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಅಷ್ಟೆ.
‘ಬೆರಳಲ್ಲ, ಮೊಣಕೈ ಅದ್ದಿ ನೋಡಿ.’

ಪೀಣ್ಯದಲ್ಲಿ ಹದಿನಾಲ್ಕು ವರ್ಷದಿಂದ ಲೇತಿನ ಮುಂದೆ ನಿಂತವನು ನಾನು.
ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ
ಮೈಕ್ರೋಮೀಟರಿಗಿಂತ ಮೊದಲು ಕಣ್ಣು ಹಿಡಿಯುತ್ತದೆ.
ಆದರೆ ಬಿಸಿ?
ಉರಿಯುವ ಕಬ್ಬಿಣದ ಸುರುಳಿ ಅಂಗೈಗೆ ಬಿದ್ದರೆ
ನೊಣ ಕೂತಂತೆ ಕೊಡವುತ್ತೇನೆ.
ಆ ಅಂಗೈ ಹೇಳಿತು: ಹದವಾಗಿದೆ, ಹಾಕು.
ಮೊಣಕೈ ಕಿತ್ತುಕೊಂಡು ಮೇಲೆದ್ದಿತು.

ಎಷ್ಟು ವರ್ಷವಾಗಿತ್ತು ಅದರ ಒಳಮಡಿಕೆಯನ್ನು ನೋಡಿ.
ಯೂನಿಫಾರ್ಮಿನ ತೋಳಿನೊಳಗೆ
ಯಾವ ಕೆಲಸಕ್ಕೂ ಬಾರದೆ, ಯಾವ ಎಣ್ಣೆಯೂ ಹತ್ತದೆ
ಉಳಿದುಬಿಟ್ಟ ಒಂದಂಗುಲ ಚರ್ಮ.
ನನ್ನವ್ವ ನೀರು ಹಾಕಿದ ಕಾಲದ್ದೇ ಇರಬೇಕು.

ಅರ್ಧ ಚೊಂಬು ತಣ್ಣೀರು. ಇನ್ನರ್ಧ. ಮತ್ತೆ ಅದ್ದಿದೆ.
ಈಗ ನೀರು ಇದೆಯೋ ಇಲ್ಲವೋ ತಿಳಿಯಲಿಲ್ಲ.
‘ಅದೇ’ ಅಂದಳು ರೂಪಕಲಾ.

ಎಡಗೈ ಕತ್ತಿನ ಕೆಳಗೆ, ಬೆರಳು ಕಂಕುಳಲ್ಲಿ.
ಜಾರುವುದರ ವಿಷಯ ನನಗೆ ಗೊತ್ತು, ಎಣ್ಣೆ ಮೆತ್ತಿದ ಶಾಫ್ಟು ಹಿಡಿದಿದ್ದೇನೆ.
ಶಾಫ್ಟು ಹೀಗೆ ಕಣ್ಣು ಬಿಟ್ಟು ನೋಡುವುದಿಲ್ಲ.
ನೀರಿಗೆ ಹಿಮ್ಮಡಿ ತಾಗಿದೊಡನೆ ಎರಡೂ ಕೈ ಗಾಳಿಗೆ ಹಾರಿಸಿತು;
ಎದೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದೆ, ಸುಮ್ಮನಾಯಿತು.
ಕಿವಿಗೆ ಎಣ್ಣೆ ಬಿಡಲಿಲ್ಲ, ಮೂಗಿಗೆ ಊದಲಿಲ್ಲ,
ಸಾಂಬ್ರಾಣಿಯ ಬುಟ್ಟಿ ಮಂಚದ ಕೆಳಗೇ ಉಳಿಯಿತು.
ಗಂಗಹನುಮಕ್ಕ ಬಂದ ಮೇಲೆ ಜಗಳ ಇದ್ದದ್ದೇ.
ಕತ್ತಿನ ಮಡಿಕೆಯಲ್ಲಿ ಹಾಲಿನ ಜಿಡ್ಡು,
ಬಿಗಿದ ಮುಷ್ಟಿಯೊಳಗೆ, ಎಲ್ಲಿಂದಲೋ, ಒಂದು ಕೆಂಪು ನೂಲು.

ಆಗ ಕರೆಗಂಟೆ. ಮತ್ತೊಮ್ಮೆ. ‘ಗ್ಯಾಸ್!’
ಹದಿನೇಳು ದಿನ ಕಾದ ಸಿಲಿಂಡರು.
ಒಟಿಪಿ ಫೋನಿನಲ್ಲಿ, ಫೋನು ಶರ್ಟಿನಲ್ಲಿ, ಶರ್ಟು ಗೂಟದಲ್ಲಿ.
ರೂಪಕಲಾ ಹೆಜ್ಜೆ ಎತ್ತಿದಳು, ಹೊಲಿಗೆ ಹಿಡಿಯಿತು, ನಿಂತಳು.
ನಾನು ನೀರನ್ನು ನೋಡಿದೆ:
ನಾಲ್ಕೇ ಬೆರಳು ಆಳ. ಮುಳುಗಲು ಅಷ್ಟೂ ಬೇಡ.
ಇಬ್ಬರೂ ಓಗೊಡಲಿಲ್ಲ.
ಸಿಲಿಂಡರು ಮೆಟ್ಟಿಲು ಮೆಟ್ಟಿಲಿಗೂ ಬೈಯುತ್ತ
ಠಣ್ ಠಣ್ಣೆಂದು ಇಳಿದುಹೋಯಿತು.

ಎತ್ತಿ, ಸುತ್ತಿ, ಉಜ್ಜದೆ ಒತ್ತಿ ಒರೆಸಿದೆ. ಸೀನಿತು.
‘ನೂರ್ಕಾಲ’ ಅಂದಳು ಅವಳು, ಅಳುತ್ತಿದ್ದಳೇನೋ.
ಆ ನೀರು ಚೆಲ್ಲಲು ಮನಸ್ಸಾಗಲಿಲ್ಲ ಅಂದರೆ ಸುಳ್ಳು;
ಗುರುವಾರ ದೂರವಿತ್ತು. ಲಂಗೋಟಿಗಳನ್ನು ಅದರಲ್ಲೇ ನೆನೆಸಿ
ಉಳಿದದ್ದನ್ನು ಮೆಟ್ಟಿಲಿಗೆ ಹಾಕಿದೆ.

ಎರಡನೇ ಪಾಳಿ. ಕೂಲಂಟಿನ ತೊಟ್ಟಿ ಬದಲಿಸುವಾಗ
ತೋಳಿನ ಗುಂಡಿ ಬಿಚ್ಚಿ, ಮಡಿಸಿ, ಮೊಣಕೈ ಅದ್ದಿದ್ದೆ.
ಹೆಲ್ಪರ್ ತಿಪ್ಪೇಶ ನಕ್ಕ: ‘ಯಾರಿಗಣ್ಣ ಸ್ನಾನ?’
ತುಂಬ ತಣ್ಣಗಿದೆ, ಅಂದೆ.