ಎರಡು ಗೇಣು

ಮೊದಲ ಪ್ಲಗ್ ಕೀಳ್ರಿ ಅಂದೆ, ಬಾಗಲದಾಗ ನಿಂತು.
ರೇನ್‌ಕೋಟಿನ ನೀರು ಅವರ ಕಾಲೊರಸಿನ ಮ್ಯಾಲ ಇಳೀತಿತ್ತು.
ಸುಟ್ಟ ವಾಸನಿ ಮೆಟ್ಟಲ ತನಕ ಬಂದಿತ್ತು,
ಇಸ್ತ್ರಿ ಮರತು ಎದ್ದುಹೋದ ಮನಿಯ ವಾಸನಿ.

ಟಿಳಕವಾಡಿ, ಎರಡನೇ ಗೇಟಿನ ಆಚೆ.
ಹನ್ನೊಂದು ದಿನ ಆತು ಬೆಳಗಾವಿಗೆ ಬಿಸಲು ಬಿದ್ದು.
ಇದು ಸುರಿಯೂ ಮಳಿ ಅಲ್ಲ, ನಿಲ್ಲೂ ಮಳಿನೂ ಅಲ್ಲ,
ಕೊಟ್ಟ ಸಾಲ ಕೇಳಾಕ ಬಂದವನಂಗ
ಕಟ್ಟಿ ಮ್ಯಾಲ ಕುಂತಬಿಟ್ಟ ಮಳಿ.

ಸುಲೋಚನಾ ಟೀಚರ್ ಹೇಳಿದ್ರು:
"ಹತ್ತು ನಿಮಿಷಕ್ಕ ಕಾದು ಕೆಂಡ ಆಗ್ತಿತ್ತು. ತಗದು ನೋಡಿದ್ರ ಅರಿವಿ ಇನ್ನೂ ಹಸಿ.
ನಿನ್ನಿ ಸಂಜಿಯಿಂದ ಚಾಲೂನ ಆಗವಲ್ದು.
ಇಷ್ಟು ಬಿಸಿ ಇದ್ದೂ ಒಣಗಂಗಿಲ್ಲ ಅಂದ್ರ ಹೆಂಗ್ರಿ, ಟೋಪಗಿ?"

ಬಿಸಿ ಒಣಗಸಂಗಿಲ್ರಿ, ಒಣಗಸೂದು ಗಾಳಿ.
ಬಿಸಿಗೆ ಹೊರಗ ಹೋಗಾಕ ದಾರಿ ಇರದಿದ್ರ
ಅದು ಇದ್ದಲ್ಲೇ ಕುಂತು ಮನೀನ ಸುಡತೈತಿ.
ಈ ಮಾತು ಎಲ್ಲಾ ಗಿರಾಕಿಗೂ ಹೇಳ್ತೀನಿ.
ಹೆಂಡತಿ ಮುಂದ ಹೇಳಿದಾಗ ಮಾತ್ರ
"ನಿಮಗ ಅದನ್ನ ಹೇಳಬೇಕಂತ ಇದ್ದೆ" ಅಂದ್ಲು.

ಜಾಳಗಿ ಎಳದೆ. ಬೆರಳ ದಪ್ಪ ಕುಂತಿತ್ತು.
ನಮ್ಮಪ್ಪ ಇದಕ್ಕ ನೂಲಿನ ಹೊಟ್ಟು ಅಂತಿದ್ದ.
ವಡಗಾವ್ಯಾಗ ನಾಕು ಮಗ್ಗ ಬಡಕೊಳ್ಳೂ ಖೋಲ್ಯಾಗ
ಹುಬ್ಬಿನ ಮ್ಯಾಲ, ಅನ್ನದ ಮ್ಯಾಲ, ದೇವರ ಫೋಟೋದ ಮ್ಯಾಲ
ಇದ ಕೂಡ್ತಿತ್ತು. ಅವನ ಎದಿಯೊಳಗೂ ಇದ.
ಮಗ್ಗ ಕಿಲೋ ಲೆಕ್ಕದಾಗ ಮಾರಿದ ದಿನ
ಖೋಲಿ ಕಸ ಹೊಡದು ಒಂದು ಚೀಲ ತುಂಬಿದ,
ಚೀಲದ ಬಾಯಿ ಕಟ್ಟಿ ಕೇಳಿದ:
"ಇದನ್ನ ಯಾರ ತೊಗೋತಾರ?"

ಇಲ್ಲಿ ಹೊಟ್ಟು ಪದರ ಪದರ. ಬಿಳೇದು ಟವೆಲ್ಲು,
ನೀಲಿ ಸಣ್ಣ ಮಗನ ಸಾಲಿ ಯುನಿಫಾರ್ಮು.
ಎಲ್ಲಾ ತಗದೆ. ಮಷೀನು ಮುಂದ ಜಗ್ಗಿದೆ,
ಗ್ವಾಡಿಗೆ ಒತ್ತಿ ಚಪ್ಪಟಿ ಆದ ಪೈಪು ನೆಟ್ಟಗ ಮಾಡಿದೆ.
ಮೀಟರ್ ಹಚ್ಚಿದ್ರ ಥರ್ಮಲ್ ಫ್ಯೂಸು ಸತ್ತಿತ್ತು.
ಪಾಪ, ಅದರ ನೌಕರೀನ ಅದು, ಎಲ್ಲಾರಕಿಂತ ಮೊದಲ ಸಾಯೂದು.
ಹೊಸಾದು ಹಾಕಿದೆ. ತಿರಗಿತು.
ಕೆಲಸ ಮುಗೀತಂತ ಚಾ ಕುಡದೆ.

ಆರನೇ ನಿಮಿಷಕ್ಕ ಮ್ಯಾಲ ಕೈ ಇಟ್ಟೆ.
ರೊಟ್ಟಿ ಹಂಚು!
ಬಂದ್ ಮಾಡಿ, ಛತ್ರಿ ಇಸಗೊಂಡು ಹಿತ್ತಲಕ್ಕ ಹೋದೆ.

ಪೈಪಿನ ಬಾಯಿ ಬಾಜೂ ಮನಿ ಸಂದಿಗೆ ತೆರದಿತ್ತು.
ಅಲ್ಲೊಂದು ಸ್ಟೂಲು, ಸ್ಟೂಲಿನ ಮ್ಯಾಲ ಮರ,
ಮರದಾಗ ಸಾಲು ಹಚ್ಚಿ ಸಾಬೂದಾಣಿ ಸಂಡಿಗಿ,
ಮ್ಯಾಲ ಹಳೇ ಧೋತರ,
ಧೋತರದ ಚುಂಗು ಪೈಪಿನ ಬಾಯಿಗೆ ಬಿಗದು ಕಟ್ಟಿತ್ತು,
ಕೂಸಿಗೆ ಕುಂಚಗಿ ಕಟ್ಟಿದಂಗ.

ಇಂದೂ ಆಯಿ ಬಾಗಲದಾಗ ನಿಂತಿದ್ಲು.
"ದಿನಾ ಹನ್ನೊಂದಕ್ಕ ಬಿಸಿಗಾಳಿ ಬರ್ತಿತ್ತಪ್ಪ.
ಸುಮ್ನ ಹೋಗ್ತಿತ್ತು, ಯಾರಿಗೂ ಆಗಲಾರದಂಗ."

ಟೀಚರ್ ನಗಲಿಲ್ಲ. ಅಡಗಿಮನಿ ಕಿಡಕ್ಯಾಗಿಂದ
"ಮನಿ ಹತ್ತಿದ್ರ?" ಅಂದ್ರು. ಅದೊಂದ ಮಾತು.
ಸ್ವಲ್ಪೊತ್ತು ಮಳಿ ಒಂದ ಮಾತಾಡ್ತು.

ನೆನದ ಗಂಟು ಉಬ್ಬಿತ್ತು, ಆಯಿ ಬೆರಳಿಗೆ ಬಗ್ಗಲಿಲ್ಲ.
ನೇಕಾರನ ಮಗಾ ನಾನು. ಕತ್ರಿ ಮುಟ್ಟಲಿಲ್ಲ, ಬಿಚ್ಚಿದೆ.
ಸ್ಟೂಲು ಹಿಂದ ಸರಿಸಿದೆ, ಗೇಣು ಹಾಕಿ ಅಳದೆ.
ಒಂದು ಸಾಲದು. ಎರಡು.
ಧೋತರ ಬ್ಯಾಡ, ಬಾಯಿ ಬಿಟ್ಟಿರಲಿ.
ಯಾರೂ ಹೂಂ ಅನ್ನಲಿಲ್ಲ, ಬ್ಯಾಡಂತನೂ ಅನ್ನಲಿಲ್ಲ.

ಬಿಲ್ಲು ಬರದೆ: ಫ್ಯೂಸು, ಕ್ಲಿಪ್ಪು, ಕೂಲಿ.
ಎರಡು ಗೇಣಿಗೆ ಏನ ಹಾಕಬೇಕೋ ತಿಳೀಲಿಲ್ಲ.

ಹೊಂಟಾಗ ಆಯಿ ಒಂದು ಸಂಡಿಗಿ ಕೈಯಾಗ ಒತ್ತಿದ್ಲು,
ಅರ್ಧ ಒಣಗಿದ್ದು, ಇನ್ನೂ ಬೆಚ್ಚಗ.
ರೈಲ್ವೆ ಗೇಟ್ ಬಿದ್ದಿತ್ತು. ಮಿರಜ ಗಾಡಿ ಹೋಗೂ ತನಕ
ಅದನ್ನ ಬೆಳಕಿಗೆ ಹಿಡದು ನೋಡಿದೆ:
ನಟ್ಟನಡುವ ಒಂದು ನೀಲಿ ಎಳಿ.

ಕಿತ್ತಿ ಒಗೀಬೇಕಂದೆ.
ಬಾಯಾಗ ಹಾಕೊಂಡೆ.
ಉಪ್ಪು ಸರಿ ಇತ್ತು.